ಡೇರಿಯ ಹಳೇ ಕಂಟ್ರೋಲರಿಗೆ ಹೊಸ ಸಂಪರ್ಕ: ಸದಸ್ಯರು ತಿಳಿದಿರಬೇಕಾದ ವಿಷಯ



ಸಂಘದ ಸಭೆಗಳಿಗೆ ಹೋದಾಗ ಈಚೆಗೆ ಒಂದು ಪ್ರಶ್ನೆ ಎದುರಾಗುತ್ತಿದೆ. "ಡಾಕ್ಟ್ರೇ, ಯಂತ್ರಗಳು ಚೆನ್ನಾಗಿಯೇ ಓಡುತ್ತಿವೆ. ಅವಕ್ಕೆ ಕಂಪ್ಯೂಟರ್ ಜೋಡಿಸುವ ಖರ್ಚು ಏಕೆ? ಜೋಡಿಸುವುದೇ ಆದರೆ ಹಳೆಯದನ್ನು ಕಿತ್ತು ಹೊಸದನ್ನೇ ಹಾಕಬಾರದೇ?" ಖರ್ಚು ನಿಮ್ಮ ಹಾಲಿನ ಹಣದಿಂದಲೇ ಆಗುವುದರಿಂದ ಕೇಳುವ ಹಕ್ಕು ನಿಮಗಿದೆ. ನಾನು ಪಶುವೈದ್ಯ, ಇಂಜಿನಿಯರ್ ಅಲ್ಲ. ಆದರೂ ಹಾಲು ಕೆಡುವುದಕ್ಕೂ ಈ ವಿಷಯಕ್ಕೂ ನೇರ ಸಂಬಂಧವಿರುವುದರಿಂದ, ತಿಳಿದಷ್ಟನ್ನು ಸರಳವಾಗಿ ವಿವರಿಸುತ್ತೇನೆ.

ಕಂಟ್ರೋಲರ್ ಮಾಡುವ ಕೆಲಸ

ಕೆಚ್ಚಲಿನಿಂದ ಬರುವ ಹಾಲು ಸುಮಾರು 37-38 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ಬೇಗನೆ ಅದನ್ನು 4 ಡಿಗ್ರಿಗೆ ಇಳಿಸದಿದ್ದರೆ ಬ್ಯಾಕ್ಟೀರಿಯಾ ಹೆಚ್ಚಿ ಹಾಲು ಹುಳಿಯಾಗುತ್ತದೆ. ಡೇರಿಯಲ್ಲಿ ಪಾಶ್ಚರೀಕರಣಕ್ಕಾಗಿ ಹಾಲನ್ನು 72 ಡಿಗ್ರಿಗೆ ಕಾಯಿಸಿ 15 ಸೆಕೆಂಡು ಹಿಡಿದಿಡಬೇಕು. ಬಿಸಿ ಕಡಿಮೆಯಾದರೆ ಒಂದು ವಾಲ್ವ್ ತಿರುಗಿ ಆ ಹಾಲನ್ನು ಮತ್ತೆ ಕಾಯಿಸಲು ಹಿಂದಕ್ಕೆ ಕಳಿಸುತ್ತದೆ. ಕಂಪ್ರೆಸರಿಗೆ, ಪಂಪಿಗೆ, ವಾಲ್ವಿಗೆ ಈ ಆಜ್ಞೆ ಕೊಡುವುದೇ ಕಂಟ್ರೋಲರ್. ದೊಡ್ಡ ಯಂತ್ರಗಳಲ್ಲಿ ಇದನ್ನು ಪಿ.ಎಲ್.ಸಿ. ಎನ್ನುತ್ತಾರೆ.

ತಿಳಿದಿದ್ದೂ ಹೇಳಲಾರದ ಯಂತ್ರ

ನಾನು ಹಿಂದೆ ನೋಡಿದ ಒಂದು ಶೀತಲ ಕೇಂದ್ರದ ಸಂಗತಿ ಹೇಳುತ್ತೇನೆ. ರಾತ್ರಿ ಕರೆಂಟು ಹೋಗಿ ಬಂದ ಮೇಲೆ ಕಂಪ್ರೆಸರ್ ಮತ್ತೆ ಶುರುವಾಗಲಿಲ್ಲ. ಕಂಟ್ರೋಲರಿಗೆ ಅದು ಗೊತ್ತಿತ್ತು, ಕೆಂಪು ದೀಪವನ್ನೂ ಹಚ್ಚಿತ್ತು. ಆದರೆ ಬೀಗ ಹಾಕಿದ ಕೋಣೆಯಲ್ಲಿ ಆ ದೀಪ ನೋಡುವವರು ಯಾರು? ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಟ್ಯಾಂಕಿನ ಹಾಲು ಕೆಟ್ಟಿತ್ತು. ಹಿಂದಿನ ಸಂಜೆ ಶುದ್ಧ ಹಾಲು ಹಾಕಿದವರಿಗೇ ಆ ನಷ್ಟ ತಟ್ಟಿತು. ಆ ಕೆಂಪು ದೀಪದ ಸುದ್ದಿ ಅದೇ ರಾತ್ರಿ ಸಿಬ್ಬಂದಿಯ ಮೊಬೈಲಿಗೆ ಬಂದಿದ್ದರೆ ಹಾಲು ಉಳಿಯುತ್ತಿತ್ತು.

ಹಳೆಯದನ್ನು ಎಸೆಯಬೇಕೇ?

ಬೇಕಿಲ್ಲ. ಗಟ್ಟಿಯಾದ ಪಿ.ಎಲ್.ಸಿ. ಇಪ್ಪತ್ತು ವರ್ಷ ದುಡಿಯಬಲ್ಲದು. ಬದಲಾಯಿಸಬೇಕಾದರೆ ವೈರಿಂಗ್ ಬಿಚ್ಚಬೇಕು, ಪ್ರೋಗ್ರಾಮ್ ಹೊಸದಾಗಿ ಬರೆಯಬೇಕು, ಯಂತ್ರ ನಿಲ್ಲಿಸಬೇಕು. ಹಸು ಎಮ್ಮೆಗಳಿಗೆ ರಜೆ ಇಲ್ಲ. ಹಾಲು ದಿನಕ್ಕೆ ಎರಡು ಹೊತ್ತು ಬರುತ್ತಲೇ ಇರುತ್ತದೆ.

ಹಳೆಯ ಕಂಟ್ರೋಲರಿನ ಕೊರತೆ ಒಂದೇ: ಅದರ ಭಾಷೆ ಹಳೆಯದು. ಅನೇಕ ಕಂಟ್ರೋಲರುಗಳು ಆಡುವುದು 1979ರಲ್ಲಿ ಬಂದ ಮಾಡ್‌ಬಸ್ ಎಂಬ ಭಾಷೆ. ತೆಳು ತಂತಿಗಳ ಮೇಲೆ ನಿಧಾನವಾಗಿ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತವೆ. ಇಂದಿನ ಕಂಪ್ಯೂಟರ್ ಜಾಲದ ಕೇಬಲ್ಲೂ ಬೇರೆ, ಮಾತಿನ ರೀತಿಯೂ ಬೇರೆ. ಇವೆರಡರ ನಡುವೆ ಗೇಟ್‌ವೇ ಎಂಬ ಚಿಕ್ಕ ಪೆಟ್ಟಿಗೆಯನ್ನು ಕೂರಿಸುತ್ತಾರೆ. ಅದು ದುಭಾಷಿ ಇದ್ದ ಹಾಗೆ. "ಟ್ಯಾಂಕಿನ ಉಷ್ಣತೆ ಎಷ್ಟು?" ಎಂದು ಕಂಪ್ಯೂಟರ್ ಕೇಳಿದ್ದನ್ನು ಹಳೆಯ ಭಾಷೆಗೆ ತಿರುಗಿಸಿ, ಉತ್ತರವನ್ನು ಹೊಸ ಭಾಷೆಯಲ್ಲಿ ಒಪ್ಪಿಸುತ್ತದೆ. ಸಂಪರ್ಕದ ಕಿಂಡಿಯೇ ಇಲ್ಲದ ಕಂಟ್ರೋಲರಾದರೆ ಅದನ್ನು ಮುಟ್ಟದೆ, ಪಕ್ಕದಲ್ಲಿ ಬೇರೊಂದು ಉಷ್ಣತಾಮಾಪಕ ಹಾಕಿ ಸುದ್ದಿ ಪಡೆಯಬಹುದು.

ಗಮನಿಸಬೇಕಾದ ಅಂಶಗಳು

1. ಹಳೆಯ ಪಿ.ಎಲ್.ಸಿ.ಗಳು ಹಲವು ಬಾರಿ ಪ್ರೋಗ್ರಾಮನ್ನು ಬ್ಯಾಟರಿ ಬಲದಿಂದ ನೆನಪಿಟ್ಟುಕೊಂಡಿರುತ್ತವೆ. ಬ್ಯಾಟರಿ ಸತ್ತು ಕರೆಂಟೂ ಹೋದರೆ ಎಲ್ಲವೂ ಮರೆತುಹೋಗುತ್ತದೆ. ಆದ್ದರಿಂದ ಮೊದಲು ಪ್ರೋಗ್ರಾಮಿನ ಪ್ರತಿ ತೆಗೆದಿಡಬೇಕು.

2. ಕಂಟ್ರೋಲರ್ 42 ಎಂದರೆ ಅದು 4.2 ಡಿಗ್ರಿ ಆಗಿರಬಹುದು, ಏಕೆಂದರೆ ಹಲವು ಯಂತ್ರಗಳು ದಶಾಂಶದ ಚುಕ್ಕಿ ಕಳಿಸುವುದಿಲ್ಲ. ಪರೀಕ್ಷಿಸಿದ ಥರ್ಮಾಮೀಟರಿನೊಂದಿಗೆ ತಾಳೆ ನೋಡಿದ ಮೇಲೆಯೇ ಕಂಪ್ಯೂಟರಿನ ಅಂಕಿಯನ್ನು ನಂಬಬೇಕು.

3. ಹಳೆಯ ಮಾಡ್‌ಬಸ್ ಭಾಷೆಗೆ ಪಾಸ್‌ವರ್ಡ್ ಇಲ್ಲ. ಆಜ್ಞೆ ಯಾರು ಕೊಟ್ಟರೂ ಕೇಳುತ್ತದೆ. ಇಂಥ ಕಂಟ್ರೋಲರನ್ನು ನೇರವಾಗಿ ಇಂಟರ್‌ನೆಟ್ಟಿಗೆ ಜೋಡಿಸುವುದೆಂದರೆ ಕೊಟ್ಟಿಗೆಯ ಬಾಗಿಲನ್ನು ರಸ್ತೆಗೆ ತೆರೆದಿಟ್ಟಂತೆ. ಪಿ.ಎಲ್.ಸಿ.ಗಳಿಗೆ ಕೇಡು ಮಾಡಲೆಂದೇ ಬರೆದ ಸ್ಟಕ್ಸ್‌ನೆಟ್ ಎಂಬ ಕಂಪ್ಯೂಟರ್ ವೈರಸ್ 2010ರಲ್ಲಿ ಪತ್ತೆಯಾಯಿತು. ಯಂತ್ರಗಳ ಜಾಲ ಕಚೇರಿಯ ಜಾಲದಿಂದ ಬೇರೆಯಾಗಿರಬೇಕು. ದುಭಾಷಿ ಪೆಟ್ಟಿಗೆಗೆ ಓದುವ ಅನುಮತಿ ಇದ್ದರೆ ಸಾಕು, ಆಜ್ಞೆ ಕೊಡುವ ಅನುಮತಿ ಬೇಡ.

4. ಜಾಲ ಕಡಿದುಹೋದರೂ ಕಂಟ್ರೋಲರ್ ತನ್ನ ಪಾಡಿಗೆ ಕೆಲಸ ಮುಂದುವರಿಸಬೇಕು. ಜೋಡಣೆಯಾದ ದಿನವೇ ಕೇಬಲ್ ಕಿತ್ತು ಇದನ್ನು ಪರೀಕ್ಷಿಸಬೇಕು.

ಸಭೆಯಲ್ಲಿ ನೀವು ಕೇಳಬಹುದಾದದ್ದು

ಪ್ರೋಗ್ರಾಮಿನ ಪ್ರತಿ ಎಲ್ಲಿದೆ? ರಾತ್ರಿ ಎಚ್ಚರಿಕೆ ಯಾರ ಮೊಬೈಲಿಗೆ ಬರುತ್ತದೆ, ಅವರು ರಜೆಯಲ್ಲಿದ್ದರೆ ಇನ್ಯಾರಿಗೆ? ಉಷ್ಣತೆಯ ದಾಖಲೆಯನ್ನು ಸದಸ್ಯರು ನೋಡಬಹುದೇ? ಈ ಮೂರನ್ನು ಕೇಳಿ. ಹಾಲು ಕೆಟ್ಟಾಗ ತಪ್ಪು ಕೊಟ್ಟಿಗೆಯದೋ, ಸಾಗಣೆಯದೋ, ಯಂತ್ರದ್ದೋ ಎಂಬ ಜಗಳವನ್ನು ಗಂಟೆ ನಿಮಿಷ ಸಹಿತ ಇರುವ ದಾಖಲೆ ಬಹುಮಟ್ಟಿಗೆ ಬಗೆಹರಿಸುತ್ತದೆ. ಉತ್ಪಾದಕರಿಗೆ ಇದರಿಂದಾಗುವ ದೊಡ್ಡ ಲಾಭ ಅದೇ.

ಕೊನೆಯದಾಗಿ ಒಂದು ಮಾತು. ಯಾವ ಜಾಲವೂ ಕೊಳಕು ಪಾತ್ರೆಯನ್ನು ತೊಳೆಯುವುದಿಲ್ಲ, ಕೆಚ್ಚಲು ಬಾವಿನ ಹಾಲನ್ನು ಶುದ್ಧ ಮಾಡುವುದಿಲ್ಲ. ತಂಪು ಮಾಡುವುದರಿಂದ ಬ್ಯಾಕ್ಟೀರಿಯಾ ಬೆಳೆಯುವುದು ನಿಧಾನವಾಗುತ್ತದೆ, ಇದ್ದವು ಸಾಯುವುದಿಲ್ಲ. ಕೆಚ್ಚಲು ತೊಳೆದು ಒರೆಸಿ, ಮೊದಲ ನಾಲ್ಕು ಧಾರೆ ಬೇರೆ ಬಟ್ಟಲಿಗೆ ಹಿಂಡಿ ನೋಡಿ, ಕರೆದ ಹಾಲನ್ನು ತಡಮಾಡದೆ ಸಂಘಕ್ಕೆ ತನ್ನಿ. ಮುಂದಿನ ಕಾವಲನ್ನು ಹಳೆಯ ಕಂಟ್ರೋಲರೂ ಹೊಸ ತಂತಿಯೂ ಸೇರಿ ನೋಡಿಕೊಳ್ಳಲಿ.