ಎಕ್ಕದ ಹಾಲು, ಚಿಟ್ಟೆಯ ಬಣ್ಣ

ರಥಸಪ್ತಮಿಗೆ ಏಳು ಎಕ್ಕದೆಲೆ ಬೇಕು ಅಂತ ಅಮ್ಮ ಹೇಳಿದರೆ ವೈಟ್‌ಫೀಲ್ಡಿನಲ್ಲಿ ದೂರ ಹುಡುಕಬೇಕಿಲ್ಲ. ಕಾಂಪೌಂಡ್ ಎದ್ದು ಮನೆ ಏಳದ ಖಾಲಿ ಸೈಟು ಕಂಡರೆ ಸಾಕು, ಅಲ್ಲಿ ಎಕ್ಕ ಇರುತ್ತದೆ. ಈ ಸಲ ಕಾಡುಗೋಡಿ ಕಡೆಯ ಅಂಥದ್ದೊಂದು ಸೈಟಿಗೆ ಹೋದವನು, ಮೂರನೆಯ ಎಲೆ ಮಗುಚಿದಾಗ ಕಂಡ ಹುಳ ನೋಡುತ್ತ ಅಲ್ಲೇ ಕುಕ್ಕರಗಾಲಲ್ಲಿ ಕೂತೆ. ಮೈಯೆಲ್ಲ ಬಿಳಿ, ಕಪ್ಪು, ಹಳದಿ ಪಟ್ಟೆ. ಬೆನ್ನಿನ ಮೇಲೆ ಮೂರು ಜೊತೆ ಕರಿ ಎಳೆ. ಎಲೆಯ ದಪ್ಪ ನರವನ್ನು ಕಚ್ಚುತ್ತಿತ್ತು. ಹಾಲು ಜಿನುಗಿ, ತೊಟ್ಟಿಕ್ಕಿ, ನಿಂತಿತು. ಆಮೇಲೆ ಹುಳ ನರದ ಆಚೆಗೆ ಸರಿದು ನಿಶ್ಚಿಂತೆಯಿಂದ ಮೇಯತೊಡಗಿತು. ಅಂಟು ಹಾಲು ಬಾಯಿಗೆ ಮೆತ್ತದಂತೆ ಮೊದಲೇ ಕಾಲುವೆ ಕಡಿದುಕೊಂಡಿತ್ತು.

ಅದು ಪ್ಲೇನ್ ಟೈಗರ್ ಚಿಟ್ಟೆಯ ಮರಿ. ಹಾಲು ಸೋರಿಹೋದರೂ ಎಲೆಯ ತಿರುಳಲ್ಲಿ ಹೃದಯದ ಬಡಿತ ಕೆಡಿಸುವ ವಿಷ ಉಳಿದಿರುತ್ತದೆ. ಮರಿ ಅದನ್ನು ಮೈಯಲ್ಲಿ ಕೂಡಿಟ್ಟುಕೊಂಡು ರೆಕ್ಕೆ ಬಂದ ಮೇಲೂ ಹೊತ್ತು ತಿರುಗುತ್ತದೆ. ಕೊಲಂಬಿಯಾ ಕಾಡಿನ ಬಂಗಾರದ ಬಣ್ಣದ ವಿಷಗಪ್ಪೆಯ ಕತೆಯೂ ಹೀಗೇ. ಎಂಬೆರಾ ಬುಡಕಟ್ಟಿನ ಬೇಟೆಗಾರರು ಬಾಣದ ಮೊನೆಗೆ ಸವರುತ್ತಿದ್ದ ಆ ವಿಷ ಕಪ್ಪೆಗೆ ಬರುವುದು ಅದು ತಿನ್ನುವ ಹುಳುಹುಪ್ಪಟೆಯಿಂದ. ಗಾಜಿನ ಪೆಟ್ಟಿಗೆಯಲ್ಲಿ ಬೇರೆ ಮೇವು ತಿಂದು ಬೆಳೆದ ಕಪ್ಪೆಗೆ ಬಣ್ಣ ಇರುತ್ತದೆ, ವಿಷ ಇರುವುದಿಲ್ಲ.

ಹುಳದ ಇಂಥ ಬಣ್ಣದ ಗುಟ್ಟು ಬಿಡಿಸಲು ಡಾರ್ವಿನ್ ಒದ್ದಾಡಿದ್ದರು. ಹೂವಿನಂಥ ಚಿಟ್ಟೆ ಸಂಗಾತಿಯನ್ನು ಒಲಿಸಿಕೊಳ್ಳಲು ಸಿಂಗರಿಸಿಕೊಂಡಿದೆ ಅನ್ನಬಹುದು. ಕೂಡುವ ವಯಸ್ಸೇ ಬಾರದ ಕಂಬಳಿಹುಳಕ್ಕೆ ಯಾರ ಮೆಚ್ಚುಗೆ ಬೇಕು? 1867ರಲ್ಲಿ ಅವರು ನಿಸರ್ಗ ವಿಜ್ಞಾನಿ ವಾಲೆಸರನ್ನು ಕೇಳಿದರು. ಹುಳದ ತೊಗಲು ಎಷ್ಟು ತೆಳುವೆಂದರೆ ಹಕ್ಕಿ ಒಮ್ಮೆ ಕುಕ್ಕಿ ಉಗುಳಿದರೂ ಜೀವ ಹೋದಂತೆಯೇ. ಹಾಗಾಗಿ ತಾನು ಕಹಿ ಅನ್ನುವುದು ಕುಕ್ಕುವ ಮೊದಲೇ ಕಾಣಬೇಕು ಎಂಬುದು ವಾಲೆಸರ ಉತ್ತರ. ನೂರು ವರ್ಷದ ಬಳಿಕ ಅಮೆರಿಕದ ಲಿಂಕನ್ ಬ್ರೋವರ್ ಇದನ್ನು ಹಕ್ಕಿಯ ಹೊಟ್ಟೆಯಲ್ಲೇ ಪರೀಕ್ಷಿಸಿದರು. ಎಕ್ಕದ ನಂಟಿನ ಹಾಲುಗಿಡ ತಿಂದು ಬೆಳೆದ ಮೊನಾರ್ಕ್ ಚಿಟ್ಟೆ ನುಂಗಿದ ನೀಲಿ ಜೇ ಹಕ್ಕಿ ಸ್ವಲ್ಪ ಹೊತ್ತಿಗೆಲ್ಲ ವಾಂತಿ ಮಾಡಿತು. ಕೋಸು ತಿನ್ನಿಸಿ ಬೆಳೆಸಿದ ಮೊನಾರ್ಕ್ ಅದಕ್ಕೆ ದಕ್ಕಿತು. ವಿಷ ಚಿಟ್ಟೆಯನ್ನೇ ಏಕೆ ಕೊಲ್ಲುವುದಿಲ್ಲ? ಎಕ್ಕದ ವಿಷ ಕೂರುವುದು ಜೀವಕೋಶದ ಸೋಡಿಯಂ ಪಂಪಿನ ಮೇಲೆ. ಮೊನಾರ್ಕಿನಲ್ಲಿ ಆ ಪಂಪಿನ ಆಕಾರವೇ ಒಂಚೂರು ಬದಲಾಗಿದೆ. 2019ರಲ್ಲಿ ಹಣ್ಣುನೊಣದ ಜೀನಿನಲ್ಲಿ ಅಂಥ ಮೂರು ಬದಲಾವಣೆ ತಂದಾಗ ನೊಣವೂ ಆ ವಿಷ ತಾಳಿಕೊಂಡಿತು. ಮೂರೇ ಮೂರು!

ನಮ್ಮ ಸೈಟುಗಳಿಗೆ ಬರೋಣ. 1970ರ ದಶಕದ ಕೊನೆಯಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್‌ ಸಂಸ್ಥೆಯ ಆರ್.ಕೆ. ಬಾಳಿಗಾ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ನೆಲೆ ಹಾಕಿದರು. ಮುಂದೆ ಸುತ್ತಲಿನವಷ್ಟೇ ಅಲ್ಲ, ವೈಟ್‌ಫೀಲ್ಡ್ ಕಡೆಯ ರಾಗಿ ಹೊಲಗಳೂ ಲೇಔಟಾದವು. ನೇಗಿಲು ನಿಂತಿತು, ಹಸು ನಿಲ್ಲಲಿಲ್ಲ. ಖಾಲಿ ನೆಲದ ಹಸಿರನ್ನೆಲ್ಲ ಮೇಯುವ ಹಸು ಎಕ್ಕಕ್ಕೆ ಬಾಯಿ ಹಾಕುವುದಿಲ್ಲ. ಉಳಿದ ಎಕ್ಕ ಚಿಟ್ಟೆಯನ್ನೂ ಉಳಿಸಿಕೊಂಡಿತು. ಅದರ ನೆರಳಲ್ಲಿ ಇನ್ನೊಂದು ಚಿಟ್ಟೆಯೂ ಬದುಕುತ್ತದೆ: ಡನೈಡ್ ಎಗ್‌ಫ್ಲೈ. ಗೋಣಿಸೊಪ್ಪು ತಿಂದು ಬೆಳೆಯುವ ಇದರಲ್ಲಿ ಎಕ್ಕದ ವಿಷ ಇಲ್ಲ. ಗಂಡು ಕಪ್ಪು, ಬಿಳಿ ಬೊಟ್ಟಿನದು. ಹೆಣ್ಣು ಮಾತ್ರ ಪ್ಲೇನ್ ಟೈಗರಿನ ಕಿತ್ತಳೆ ಸೀರೆಯನ್ನೇ ಉಟ್ಟು ಹಕ್ಕಿಗಳ ಕಣ್ಣಿಗೆ ಮಣ್ಣೆರಚುತ್ತದೆ. ಇಂಥ ವೇಷವನ್ನು ಅಮೆಜಾನಿನ ಚಿಟ್ಟೆಗಳಲ್ಲಿ ಗುರುತಿಸಿ ನಿಸರ್ಗ ವಿಜ್ಞಾನಿ ಬೇಟ್ಸ್ 1862ರಲ್ಲೇ ಬರೆದಿದ್ದರು.

ಆ ದಿನ ಅಮ್ಮನಿಗೆ ಬೇರೆ ಗಿಡದ ಎಲೆ ಒಯ್ದೆ. ಮೂರು ವಾರ ಕಳೆದು ಮತ್ತೆ ಅಲ್ಲಿಗೆ ಹೋದಾಗ ಎಲೆಯ ಕೆಳಗೆ ಬಂಗಾರದ ಚುಕ್ಕಿಯ ಹಸಿರು ಕೋಶವೊಂದು ನೇತಾಡುತ್ತಿತ್ತು. ಪಕ್ಕದಲ್ಲೇ ಇನ್ನೊಂದು ಒಡೆದು ಬರಿದಾಗಿತ್ತು. ಕಿತ್ತಳೆ ಚಿಟ್ಟೆಯೊಂದು ಮೊಣಕಾಲೆತ್ತರದಲ್ಲಿ, ಯಾವ ಅವಸರವೂ ಇಲ್ಲದೆ, ಸೈಟು ದಾಟುತ್ತಿತ್ತು. ಕೇಬಲ್ ಮೇಲಿನ ಕಾಜಾಣ ಕತ್ತು ಹೊರಳಿಸಿ ಅದನ್ನು ನೋಡಿತು. ಹಾರಿದ್ದು ಹುಲ್ಲಿನ ಮಿಡತೆಗೆ.