ಬೇಳೆಗೆ ಸೋಡಾ, ರಾಕೆಟ್ಟಿಗೆ ಹಳೇ ಲೆಕ್ಕ

ಕುಕ್ಕರಿನಲ್ಲಿ ತೊಗರಿಬೇಳೆ ಇಟ್ಟು, ವಾಡಿಕೆಯಂತೆ ಚಿಟಿಕೆ ಸೋಡಾ ಹಾಕಿದೆ. ಬೆಂಗಳೂರಿನಲ್ಲಿ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಅಕ್ಕನ ಮಗಳು ಪಕ್ಕದಲ್ಲೇ ನಿಂತಿದ್ದಳು. "ಸೋಡಾ ಯಾಕೆ ಚಿಕ್ಕಮ್ಮಾ?" ಎಂದಳು.

ಬಾವಿಯ ಗಡಸು ನೀರಿನಲ್ಲಿ, ಸೌದೆ ಒಲೆಯ ಮೇಲೆ ಬೇಳೆ ಬೇಯದಿದ್ದ ಕಾಲದಲ್ಲಿ ನಮ್ಮತ್ತೆ ಹಾಕುತ್ತಿದ್ದರು. ಮನೆಗೆ ಕುಕ್ಕರು ಬಂದು ಮೂವತ್ತು ವರ್ಷವಾಯಿತು. ಸೋಡಾದಿಂದ ಬೇಳೆಯಲ್ಲಿನ ಬಿ ಜೀವಸತ್ವ ಹಾಳೆಂದು ಗೊತ್ತಿದ್ದೂ ಕೈ ತಾನಾಗಿ ಡಬ್ಬಿಗೆ ಹೋಗುತ್ತದೆ!

"ನಮ್ಮ ಕಸುಬಿನಲ್ಲೂ ಇದೇ ಚಾಳಿ. ಹಳೇ ಪ್ರೋಗ್ರಾಮಿನ ತುಂಡನ್ನ ಹೊಸದಕ್ಕೆ ಹಾಗೇ ಅಂಟಿಸ್ತೀವಿ. ಯಾಕೆ ಅಂತ ಯಾರೂ ಕೇಳೋಲ್ಲ" ಎಂದು ನಕ್ಕಳು. ಆಮೇಲೆ ಹೇಳಿದ ಸಂಗತಿ ಕೇಳಿ.

1996ರ ಜೂನ್ 4. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಯುರೋಪಿನ ಹೊಸ ರಾಕೆಟ್ ಏರಿಯಾನ್-5 ಮೊದಲ ಸಲ ಮೇಲೆದ್ದಿತು. ಸುಮಾರು ನಲವತ್ತು ಸೆಕೆಂಡಿನಲ್ಲಿ ಹಾದಿ ತಪ್ಪಿ ಚೂರುಚೂರಾಯಿತು. ಒಳಗಿದ್ದ ನಾಲ್ಕು ಉಪಗ್ರಹಗಳೂ ಹೋದವು.

ದಿಕ್ಕು ಹೇಳುವ ಕಂಪ್ಯೂಟರಿನಲ್ಲಿದ್ದ ಪ್ರೋಗ್ರಾಂ ಹಿಂದಿನ ಏರಿಯಾನ್-4ರದ್ದು. ಅಲ್ಲಿ ಚೆನ್ನಾಗಿ ನಡೆದಿತ್ತಲ್ಲ, ಮುಟ್ಟೋದು ಬೇಡವೆಂದು ಹಾಗೇ ಇಟ್ಟಿದ್ದರು. ಹೊಸ ರಾಕೆಟ್ಟೋ, ಅಡ್ಡಕ್ಕೆ ಬಹಳ ಬೇಗ ವೇಗ ಪಡೆಯುವಂಥದು. ಆ ಸಂಖ್ಯೆಯನ್ನು ತುಂಬಬೇಕಾದ ಖಾನೆಯಲ್ಲಿ 32,767ಕ್ಕಿಂತ ದೊಡ್ಡದು ಹಿಡಿಸದು. ಪಾವಿಗೆ ಸೇರಕ್ಕಿ ಸುರಿದಂತಾಗಿ ಕಂಪ್ಯೂಟರು ಕೈಚೆಲ್ಲಿತು. ಆಪತ್ತಿಗಿರಲಿ ಎಂದಿಟ್ಟ ಇನ್ನೊಂದು? ಅದರಲ್ಲೂ ಅದೇ ಪ್ರೋಗ್ರಾಂ, ಅದು ಒಂದು ಕ್ಷಣ ಮೊದಲೇ ನಿಂತಿತ್ತು.

ನನ್ನ ಹೊಟ್ಟೆ ಉರಿದದ್ದು ಮುಂದಿನ ಮಾತಿಗೆ. ಆ ಲೆಕ್ಕ ಬೇಕಾಗಿಯೇ ಇರಲಿಲ್ಲವಂತೆ! ರಾಕೆಟ್ ನೆಲದ ಮೇಲಿರುವಾಗ ಉಪಕರಣ ಹೊಂದಿಸಲು ಇದ್ದದ್ದು ಅದು. ಹಾರುವ ಮುನ್ನಿನ ಎಣಿಕೆ ಕೊನೇ ಗಳಿಗೆಯಲ್ಲಿ ನಿಂತರೆ ಬೇಗ ಮತ್ತೆ ಶುರುಮಾಡಲೆಂದು ಹಳೇ ರಾಕೆಟ್ಟಿನಲ್ಲಿ ಅದನ್ನು ಇನ್ನೂ ಸ್ವಲ್ಪ ಹೊತ್ತು ಓಡಿಸುತ್ತಿದ್ದರು. ಹೊಸದಕ್ಕೆ ಆ ಗರಜೇ ಇಲ್ಲ. ಹೊಸ ಹಾದಿಯ ಅಂಕಿಗಳನ್ನು ಕೊಟ್ಟು ನೆಲದ ಮೇಲೇ ಪರೀಕ್ಷಿಸಿದ್ದರೆ ತಪ್ಪು ಸಿಗುತ್ತಿತ್ತು ಎಂದು ವಿಚಾರಣಾ ಸಮಿತಿ ಹೇಳಿತು.

ಹುಡುಗಿಯ ಮುಖ ಸಪ್ಪಗಾಯಿತು. ಅವಳ ಕೈಗೂ ಅಂಥದೇ ಹಳೇ ತುಂಡು ಬಂದಿದೆಯಂತೆ. "ಕೇಳಿದ್ರೆ ಹಿರಿಯರು ರೇಗ್ತಾರೆ ಚಿಕ್ಕಮ್ಮಾ."

"ರೇಗಲಿ, ಕೇಳು. ನೀನು ನನ್ನ ಕೇಳಲಿಲ್ವೇ?" ಎಂದೆ. ಸುಮ್ಮನೆ ಕಿತ್ತೆಸೆಯುವುದೂ ಅಪಾಯವೇ, ಮೊದಲು ಪರೀಕ್ಷೆ ಆಗಬೇಕು ಎಂದಳು.

ಮಾರನೇ ದಿನ ಒಂದೇ ಕುಕ್ಕರಿನಲ್ಲಿ ಎರಡು ಬಟ್ಟಲು ಇಟ್ಟೆವು, ಒಂದಕ್ಕೆ ಸೋಡಾ, ಒಂದಕ್ಕಿಲ್ಲ. ನಾಲ್ಕು ಸೀಟಿಗೆ ಎರಡೂ ಬೆಣ್ಣೆಯಂತೆ ಬೆಂದಿದ್ದವು. ಸೋಮವಾರ ಆಫೀಸಿನಲ್ಲಿ ಕೇಳಿ ಫೋನು ಮಾಡುತ್ತೇನೆಂದು ಬಸ್ಸು ಹತ್ತಿದ್ದಾಳೆ.