ಯೋಧನ ಶಿರಸ್ತ್ರಾಣ

1914ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾದಾಗ ಯೂರೋಪಿನ ಸೈನಿಕರು ಬಟ್ಟೆಯ ಅಥವಾ ತೊಗಲಿನ ಟೊಪ್ಪಿಗೆಗಳನ್ನು ಧರಿಸುತ್ತಿದ್ದರು. ಸಿಡಿಗುಂಡಿನ ಚೂರುಗಳನ್ನು ತಡೆಯುವ ಶಕ್ತಿ ಅವುಗಳಿಗಿರಲಿಲ್ಲ. ಆದುದರಿಂದ 1915ರಲ್ಲಿ ಫ್ರಾನ್ಸ್ ಮತ್ತು ಬ್ರಿಟನ್, 1916ರಲ್ಲಿ ಜರ್ಮನಿ ಉಕ್ಕಿನ ಶಿರಸ್ತ್ರಾಣಗಳನ್ನು ಬಳಕೆಗೆ ತಂದವು.

ಕಾರ್ಖಾನೆಯಿಂದ ಹೊರಬಂದ ಶಿರಸ್ತ್ರಾಣಗಳೆಲ್ಲವೂ ನೋಡಲು ಒಂದೇ. ತನ್ನದನ್ನು ಗುರುತಿಸಲು ಯೋಧನು ಅದರ ಒಳಭಾಗದಲ್ಲಿ ಹೆಸರನ್ನೋ ಸಂಖ್ಯೆಯನ್ನೋ ಬರೆದುಕೊಳ್ಳುತ್ತಿದ್ದನು. 1918ರಲ್ಲಿ ಯುದ್ಧವು ನಿಂತ ಮೇಲೆ ಅಮೆರಿಕದ ಅನೇಕ ಸೈನಿಕರು ತಮ್ಮ ದಳದ ಲಾಂಛನವನ್ನು ಅದರ ಮೇಲೆ ಚಿತ್ರಿಸಿ, ನೆನಪಿಗಾಗಿ ಮನೆಗೆ ಕೊಂಡೊಯ್ದರು. ಎರಡನೆಯ ಮಹಾಯುದ್ಧದಲ್ಲಿಯೂ ಈ ರೂಢಿ ಉಳಿಯಿತು. 1944ರ ಜೂನ್ 6ರಂದು ನಾರ್ಮಂಡಿಯಲ್ಲಿ ಪ್ಯಾರಾಚೂಟಿನಿಂದ ಇಳಿದ ಅಮೆರಿಕದ 101ನೆಯ ಡಿವಿಷನ್ನಿನ ಯೋಧರ ಶಿರಸ್ತ್ರಾಣಗಳ ಮೇಲೆ ಇಸ್ಪೀಟೆಲೆಯ ಚಿಹ್ನೆಗಳಿದ್ದವು. ಒಂದೊಂದು ರೆಜಿಮೆಂಟಿಗೆ ಒಂದೊಂದು ಚಿಹ್ನೆ. ಚದುರಿಹೋದವರು ತಮ್ಮವರನ್ನು ಕೂಡಿಕೊಳ್ಳಲು ಅದೇ ಗುರುತು.

ಇಂತಹ ವಸ್ತುಗಳನ್ನು ಸಂಗ್ರಹಿಸುವವರು ಇಂದು ಅನೇಕ ದೇಶಗಳಲ್ಲಿದ್ದಾರೆ. ವಿವೇಕಿಯಾದ ಸಂಗ್ರಾಹಕನು ತುಕ್ಕನ್ನು ಉಜ್ಜಿ ತೆಗೆಯುವುದಿಲ್ಲ. ಹೊಸ ಬಣ್ಣವನ್ನು ಬಳಿಯುವುದಿಲ್ಲ. ಮಾಸಿದ ಅಕ್ಷರಗಳನ್ನು ಓದಿ, ಸೈನ್ಯದ ದಾಖಲೆಗಳೊಡನೆ ಹೋಲಿಸಿ, ಅದನ್ನು ಧರಿಸಿದ್ದವನು ಯಾರು, ಅವನು ಮನೆಗೆ ಮರಳಿದನೇ ಎಂಬುದನ್ನು ಅರಸುತ್ತಾನೆ. ಹೆಚ್ಚಿನ ಬೆಲೆಯ ಆಸೆಯಿಂದ ಸುಳ್ಳು ಗುರುತುಗಳನ್ನು ಬರೆದು ಮಾರುವವರೂ ಉಂಟು. ಅದು ಮಡಿದವರ ನೆನಪಿಗೆ ಬಗೆಯುವ ದ್ರೋಹ. ಲಕ್ಷಾಂತರ ಜನ ಹೆಸರಿಲ್ಲದೆ ಮಣ್ಣಾದ ಯುದ್ಧಗಳಲ್ಲಿ, ಉಕ್ಕಿನ ಮೇಲೆ ಉಳಿದ ಒಂದು ನಿಜವಾದ ಹೆಸರು ಒಬ್ಬ ಮನುಷ್ಯನ ಬಾಳಿಗೆ ಸಾಕ್ಷಿ.